ಅವ್ವ ಬರುವ ತನಕ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದುಹೋದದ್ದು ಎಷ್ಟು ಸಲವೋ ನೆನಪಿಲ್ಲ. ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ, ಆಯಿತು. ಮೊಮ್ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಅದೂ ಮುಗಿಯಿತು. ನನಗೀಗ ಎಂಬತ್ತರ ಹತ್ತಿರ. ಹೈಸ್ಕೂಲು ಮುಗಿಸಿ ಹೊಗೆಸೊಪ್ಪಿನ ಬೇಸಾಯಕ್ಕೆ ಇಳಿದವನು ನಾನು. ಬರೆದು ಅಭ್ಯಾಸವಿರುವುದು ಊರವರ ಅರ್ಜಿಗಳನ್ನು ಮಾತ್ರ. ಅಂಥ ಒಂದು ಅರ್ಜಿಯಿಂದ ಒಬ್ಬರ ಕೆಲಸ ಕಳೆದೆ, ಹೆಸರು ಕೆಡಿಸಿದೆ. ಅವರು ಎಂಥವರಾಗಿದ್ದರು ಎಂಬುದನ್ನು ಸಾಯುವ ಮುಂಚೆ ಹೇಳಲೇಬೇಕು.

ನಾವೆಲ್ಲ ಅವರನ್ನು ನರ್ಸಮ್ಮ ಎನ್ನುತ್ತಿದ್ದೆವು. ಅವರಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಒಂದು ವಿಚಿತ್ರ ಅಭ್ಯಾಸ. ಎಚ್ಚರ ತಪ್ಪಿ ಮಲಗಿದವರನ್ನು ಮುಟ್ಟುವ ಮುಂಚೆ ಅವರು ಅಪ್ಪಣೆ ಕೇಳುತ್ತಿದ್ದರು. "ಅಜ್ಜಾ, ಬಲಮಗ್ಗುಲಿಗೆ ತಿರುಗಿಸ್ತೀನಿ, ಆಗಬಹುದಾ?" ಎಂದು ಕೇಳಿ, ಉತ್ತರಕ್ಕೆ ಕಾದವರ ಹಾಗೆ ಒಂದು ಗಳಿಗೆ ನಿಂತು, ಆಮೇಲೆ ತಿರುಗಿಸುವರು. ಬಾಯಿ ಒರೆಸುವಾಗ ಹೇಳುವರು, ಸೂಜಿ ಚುಚ್ಚುವಾಗ ಹೇಳುವರು. ಪಕ್ಕದ ಮಂಚದವರು ನಕ್ಕರೆ, "ನಗ್ರಿ, ನಗ್ರಿ. ನಾಳೆ ನಿಮಗೂ ಹೀಗೇ ಕೇಳೋರು ಬೇಕಾಗ್ತಾರೆ," ಎನ್ನುವರು.

ಅವರ ತಂದೆ ಹುಣಸೂರಿನಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು. ಮಗಳು ನರ್ಸ್ ತರಬೇತಿಗೆ ಹೋಗುವ ತನಕ ತಂದೆಯ ಕುಲುಮೆಯ ತಿದಿ ಒತ್ತಿದ್ದರು. ಬಲ ಹೆಬ್ಬೆರಳ ಬುಡದಲ್ಲಿ ಅದರ ಗುರುತಾಗಿ ಚರ್ಮ ಗಂಟುಕಟ್ಟಿತ್ತು. "ತಿದಿ ಒಂದೇ ಸಮ ಒತ್ತಬೇಕು. ಜಾಸ್ತಿಯಾದ್ರೆ ತವರ ಸುಟ್ಟೋಗುತ್ತೆ, ಕಮ್ಮಿಯಾದ್ರೆ ಹಿಡಿಯಲ್ಲ. ತಪ್ಪಿದ್ರೆ ನಮ್ಮ ಅಬ್ಬಾ ಇಕ್ಕಳದಲ್ಲೇ ತೋರಿಸೋರು," ಎಂದು ಒಮ್ಮೆ ಹೇಳಿದ್ದರು.

ಅವರಿದ್ದದ್ದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಮಿಷನ್‌ನವರು ನಡೆಸುತ್ತಿದ್ದ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಹದಿನೆಂಟು ಮಂಚ, ವಯಸ್ಸಾದ ಒಬ್ಬ ಡಾಕ್ಟರು, ಮೂವರು ನರ್ಸುಗಳು. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ಬೇಡ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಆಗ ಉಸಿರಾಡಿಸುವ ಯಂತ್ರ ಇತ್ತೋ ಇಲ್ಲವೋ ನಾನರಿಯೆ. ಇಲ್ಲಿ ಇದ್ದದ್ದು ತೆಂಗಿನಕಾಯಿ ಗಾತ್ರದ ಒಂದು ಕಪ್ಪು ರಬ್ಬರಿನ ಚೀಲ. ಹಿಂಡಿದರೆ ಎದೆಗೆ ಗಾಳಿ ಹೋಗುತ್ತಿತ್ತು, ಬಿಟ್ಟರೆ ತಾನೇ ಉಬ್ಬಿಕೊಳ್ಳುತ್ತಿತ್ತು. ಹಾವು ಕಚ್ಚಿ ಉಸಿರು ನಿಂತವರಿಗೆ, ಅಳದೆ ಹುಟ್ಟಿದ ಮಕ್ಕಳಿಗೆ ಅದೇ ದಿಕ್ಕು.

ಆ ಚೀಲವನ್ನು ನಾನು ಮೊದಲು ಹಿಡಿದದ್ದು ಬೊಮ್ಮನಿಗಾಗಿ. ಬೊಮ್ಮ ವೀರನಹೊಸಹಳ್ಳಿಯ ಕಡೆಯ ಕಾಡಂಚಿನ ಹಾಡಿಯವನು, ಜೇನುಕುರುಬರವನು. ನಮ್ಮ ಬ್ಯಾರನ್‌ನಲ್ಲಿ ಒಲೆ ಉರಿಸುವ ಕೆಲಸಕ್ಕೆ ಬರುತ್ತಿದ್ದ. ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ. ಒಳಗೆ ನೆಲದ ಮೇಲೆ ಕಬ್ಬಿಣದ ಕೊಳವೆಗಳು, ಮೇಲೆ ಸೂರಿನ ತನಕ ಸಾಲು ಸಾಲು ಅಡ್ಡಗಳಗಳು. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ, ಗಳದ ಮೇಲೆ ಕಾಲು ಅಗಲಿಸಿ ನಿಂತವರು ಒಬ್ಬರಿಂದೊಬ್ಬರಿಗೆ ಮೇಲಕ್ಕೆ ದಾಟಿಸಿ ತೂಗಹಾಕಬೇಕು. ಆಮೇಲೆ ಹೊರಗಿನ ಒಲೆಗೆ ಬೆಂಕಿ ಹಾಕಿದರೆ ಕೊಳವೆ ಕಾದು ಎಲೆ ಹಣ್ಣಾಗುತ್ತದೆ. ಅಪ್ಪ ಬೇಗ ತೀರಿಕೊಂಡದ್ದರಿಂದ ಎಲ್ಲ ಜವಾಬ್ದಾರಿ ಅಣ್ಣ ನಂಜಪ್ಪನದು. ಅಕ್ಕನ ಮದುವೆ ಮಾಡಿ, ನನ್ನ ಮದುವೆಯೂ ಆಗಲಿ ಎಂದು ತನ್ನದನ್ನು ಮುಂದಕ್ಕೆ ಹಾಕಿಕೊಂಡು ಕೂತಿದ್ದ.

ಸೌದೆ ಒಟ್ಟಿಲಿನಿಂದ ಕೊರಡು ಎಳೆಯುವಾಗ ಬೊಮ್ಮನ ಕೈಗೆ ನಾಗರಹಾವು ಕಚ್ಚಿತು. ಅಣ್ಣನೂ ನಾನೂ ಗಾಡಿ ಕಟ್ಟಿಕೊಂಡು ಓಡಿದೆವು. ಆಸ್ಪತ್ರೆ ಸೇರುವ ಹೊತ್ತಿಗೆ ಅವನ ರೆಪ್ಪೆ ಮುಚ್ಚಿ, ಕತ್ತು ಜೋತುಬಿದ್ದು, ಉಸಿರು ಇತ್ತೋ ಇಲ್ಲವೋ. ಅಣ್ಣ ಅಳುತ್ತಾ, "ಓಗ್ಬುಟ್ಟ ಕಣ್ಲಾ," ಎಂದ.

ನರ್ಸಮ್ಮ ಬೊಮ್ಮನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. "ಯಾರು ಹೇಳಿದ್ದು ಹೋದ ಅಂತ? ಇಲ್ಲಿ ಬಂದು ನೋಡಿ. ಪಾಪೆ ಚಿಕ್ಕದಾಯ್ತಲ್ಲ? ವಿಷ ಇವನ ಕೈಕಾಲು ಕಟ್ಟಿಹಾಕಿದೆ ಅಷ್ಟೆ. ತಲೆ ಎಚ್ಚರವಾಗಿದೆ. ನಾವಾಡೋದೆಲ್ಲ ಕೇಳ್ತಾ ಇದ್ದಾನೆ." ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿ ವಿಷ ಇಳಿಸುವ ಸೂಜಿಮದ್ದು ಕೊಟ್ಟರು. ನರ್ಸಮ್ಮ ಚೀಲವನ್ನು ನಳಿಕೆಗೆ ಸಿಕ್ಕಿಸಿ ಒತ್ತತೊಡಗಿದರು. ಒಂದು ಗಂಟೆಯಾದ ಮೇಲೆ ನನ್ನನ್ನು ಕರೆದು ಕೈಗೆ ಕೊಟ್ಟರು.

"ನನಗೆ ಬರಲ್ಲ ನರ್ಸಮ್ಮ."

"ನಿಮಗೆ ಉಸಿರಾಡೋಕೆ ಬರುತ್ತಲ್ಲ? ನೀವು ಒಂದು ಉಸಿರು ಎಳ್ಕೊಂಡಾಗ ಅವನಿಗೊಂದು ಕೊಡಿ. ನೀವು ಬಿಟ್ಟಾಗ ಬಿಡಿ. ಅವಸರ ಬೇಡ. ನಿಮ್ಮುಸಿರೇ ಗಡಿಯಾರ."

ಅದು ಅವರ ಪದ್ಧತಿ. ಮನೆಯವರನ್ನು ಹೊರಗೆ ಕೂರಿಸಿ ಅಳಿಸುವ ಬದಲು ಒಳಗೆ ಕರೆದು ಕೈಗೆ ಕೆಲಸ ಕೊಡುತ್ತಿದ್ದರು. ಒಂದು ದಿನ ಪೂರ್ತಿ, ಮಾರನೆಯ ದಿನವೂ ಮಧ್ಯಾಹ್ನದ ತನಕ ಸರದಿಯ ಮೇಲೆ ಒತ್ತಿದೆವು. ಬೇಸರಕ್ಕೆ ನಾನು ಒಂದು ಮಾತು ಆಡಿದ್ದೆ: "ಅಣ್ಣಾ, ಇವನ ಕಂಬಳಿ ಹೊಸದು. ಏನಾದ್ರೂ ಆದ್ರೆ ಯಾರಿಗೆ ಕೊಡಾದು?" ಮೂರನೆಯ ದಿನ ಬೊಮ್ಮನಿಗೆ ಬಾಯಿ ಬಂತು. ಮೊದಲು ನನ್ನ ಕಡೆಗೇ ತಿರುಗಿದ. "ಸಣ್ಣಗೌಡ್ರೆ, ನನ್ ಕಂಬ್ಳಿ ತಂಟೆಗೆ ಬರಬ್ಯಾಡಿ. ನಾನಿನ್ನೂ ಇವ್ನಿ."

ಅಣ್ಣ ನಕ್ಕೂ ನಕ್ಕೂ ಮಂಚದ ಸರಳು ಹಿಡಿದುಕೊಂಡ. ನರ್ಸಮ್ಮ ನನಗೆ, "ಅದಕ್ಕೇ ಹೇಳೋದು, ಹಾಸಿಗೆ ಹತ್ರ ನಾಲಿಗೆ ಬಿಗಿ ಹಿಡೀರಿ ಅಂತ," ಎಂದರು. ಅಂದಿನಿಂದ ಸುತ್ತ ಹತ್ತೂರಿನಲ್ಲಿ ಮಾತು ಹಬ್ಬಿತು: ನರ್ಸಮ್ಮ ಸತ್ತವರನ್ನು ಎಬ್ಬಿಸುತ್ತಾರೆ. ಅವರಿಗೆ ಆ ಮಾತು ಹಿಡಿಸುತ್ತಿರಲಿಲ್ಲ. "ಸತ್ತೋರು ಯಾರು, ಸಾಯದೆ ಇರೋರು ಯಾರು ಅಂತ ನೋಡೋದು ನನ್ನ ಕೆಲಸ. ಎಬ್ಬಿಸೋದು ಅಲ್ಲಾಹನ ಕೆಲಸ," ಎಂದು ರೇಗುತ್ತಿದ್ದರು.

ರೇಗುವುದು ಅವರಿಗೆ ಬೇಗ. ಎಚ್ಚರವಿಲ್ಲದ ಮುದುಕನ ಬಾಯಿಗೆ ಅವನ ಮಗಳು ಎಳನೀರು ಹನಿಸುತ್ತಿದ್ದುದನ್ನು ಕಂಡು ಲೋಟ ಕಿತ್ತುಕೊಂಡದ್ದನ್ನು ನಾನೇ ನೋಡಿದ್ದೇನೆ. "ಗಂಟಲು ನುಂಗೋದು ಮರೆತಿದೆ. ನೀನು ಹಾಕೋದು ಅವರ ಎದೆಗೆ ಹೋಗುತ್ತೆ. ಪ್ರೀತಿಯಿಂದ ಮುಳುಗಿಸ್ತೀಯಾ ಅಪ್ಪನ್ನ?" ಅವಳು ಅತ್ತಳು. ಕಾಲು ಗಂಟೆ ಬಿಟ್ಟು ನರ್ಸಮ್ಮ ಒದ್ದೆ ಹತ್ತಿ ತಂದು ಅವಳ ಕೈಗೇ ಕೊಟ್ಟು, ತುಟಿ ಹೇಗೆ ಒರೆಸಬೇಕೆಂದು ತೋರಿಸಿದರು.

ಮುಂದಿನ ವರ್ಷ ಸೊಪ್ಪು ಮುರಿಯುವ ಕಾಲ ಬಂತು. ಬ್ಯಾರನ್ ತುಂಬುವ ಮುಂಚೆ ಗಳಗಳನ್ನೆಲ್ಲ ತಟ್ಟಿ ನೋಡುವುದು ನಮ್ಮಲ್ಲಿ ರೂಢಿ. ಮೂರನೆಯ ಸಾಲಿನಲ್ಲಿ ಒಂದು ಗಳಕ್ಕೆ ಗೆದ್ದಲು ಹಿಡಿದಿತ್ತು. "ಲೇ ಪುಟ್ರಾಜ, ಅದೊಂದ ಬದ್ಲಾಯಿಸ್ಬುಡ್ಲಾ," ಎಂದ ಅಣ್ಣ. "ನಾಳೆ ಮಾಡ್ತೀನಿ ಬುಡಣ್ಣ," ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದ. "ಆಯ್ತು," ಎಂದೆ. ಆಗಿರಲಿಲ್ಲ. ಅವನು ಆಯಿತೆಂದೇ ನಂಬಿದ.

ಮಂಗಳವಾರ ಬೆಳಿಗ್ಗೆ ತುಂಬಲು ಶುರುಮಾಡಿದೆವು. ಅಣ್ಣ ಮೂರನೆಯ ಸಾಲಿನಲ್ಲಿ ನಿಂತು ಕಡ್ಡಿಗೆ ಕೈಚಾಚಿದ. ಗಳ ಮುರಿದು, ಅವನು ಕೆಳಗಿನ ಕಬ್ಬಿಣದ ಕೊಳವೆಯ ಮೇಲೆ ತಲೆಕೆಳಗಾಗಿ ಬಿದ್ದ.

ಪಕ್ಕದೂರಿನ ಲಾರಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಉಸಿರಿತ್ತು, ಎಚ್ಚರವಿರಲಿಲ್ಲ. ಡಾಕ್ಟರು ಗಾಯ ಹೊಲಿದು, ಒಳಗೆ ರಕ್ತ ತುಂಬಿದೆ, ಮೈಸೂರಿನ ತನಕದ ದಾರಿ ತಾಳುವುದಿಲ್ಲ ಎಂದರು. ಅವ್ವ ಅಕ್ಕನ ಬಾಣಂತನಕ್ಕೆಂದು ಸಾಲಿಗ್ರಾಮದ ಹತ್ತಿರದ ಹಳ್ಳಿಗೆ ಹೋಗಿದ್ದಳು. ಸೋದರಮಾವ ಚನ್ನೇಗೌಡ ಅವಳನ್ನು ಕರೆತರಲು ಹೊರಟ. ನಾನು ಸಂಜೆ ಅಣ್ಣನ ಬಟ್ಟೆ ತರಲು ಮನೆಗೆ ಹೋದೆ. ಕಟ್ಟಿದ್ದ ಸೊಪ್ಪು ಕೊಳೆಯದಿರಲೆಂದು ಆಳುಗಳು ಬ್ಯಾರನ್ ತುಂಬಿ ಒಲೆ ಹಚ್ಚಿದ್ದರು. ಮುರಿದ ಗಳದ ಎರಡು ತುಂಡೂ ಗೋಡೆಗೆ ಒರಗಿದ್ದವು. ಗೆದ್ದಲು ತಿಂದ ಜಾಗ ಬೆಳ್ಳಗೆ ಕಾಣುತ್ತಿತ್ತು. ಎರಡನ್ನೂ ಒಲೆಗೆ ತಳ್ಳಿದೆ.

ಬುಧವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಅಣ್ಣನ ಉಸಿರು ತಪ್ಪತೊಡಗಿತು. ಒಂದು ಎಳೆದರೆ ಬಹಳ ಹೊತ್ತು ಇಲ್ಲ. ಡಾಕ್ಟರು ನಳಿಕೆ ಇಳಿಸಿದರು, ನರ್ಸಮ್ಮ ಚೀಲ ಹಿಡಿದರು. ಒಂದು ಗಂಟೆಯಾದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, "ತಲೆ ಪೂರ್ತಿ ಹೋಗಿದೆ ಕಣಮ್ಮ. ಇನ್ನು ಒತ್ತಿ ಪ್ರಯೋಜನವಿಲ್ಲ. ಸಾಕು," ಎಂದರು.

"ಗೊತ್ತು ಡಾಕ್ಟ್ರೆ. ಇವರ ತಾಯಿ ದಾರೀಲಿದ್ದಾರೆ. ಅವರು ಬರೋ ತನಕ ಒತ್ತೀನಿ."

"ಅವರು ಯಾವಾಗ ಬರ್ತಾರೋ. ಮೂರು ಬಸ್ಸು ಬದಲಾಯಿಸಬೇಕು."

"ಬರಲಿ. ನನ್ನ ಕೈ ನೋಯಲ್ಲ."

ಡಾಕ್ಟರು ಅವರ ಮುಖವನ್ನೇ ನೋಡಿ, "ನಿನ್ನಿಷ್ಟ. ತಾಯಿ ಬಂದ ಮೇಲೆ ನಿಲ್ಲಿಸು," ಎಂದು ಹೇಳಿ ಹೊರರೋಗಿಗಳ ಕಡೆ ಹೋದರು.

ನಾನು ಒಪ್ಪಲಿಲ್ಲ. "ಎದೆ ಹೊಡ್ಕೊತಾ ಇದೆ, ಮೈ ಬೆಚ್ಚಗಿದೆ. ಬೊಮ್ಮ ಎದ್ದ ಹಂಗೆ ಅಣ್ಣನೂ ಏಳ್ತಾನೆ," ಎಂದೆ. ನರ್ಸಮ್ಮ ವಾದ ಮಾಡಲಿಲ್ಲ. ಇನ್ನೊಬ್ಬ ನರ್ಸಿಗೆ ಚೀಲ ಕೊಟ್ಟು, ನನ್ನ ಕೈಗೆ ಟಾರ್ಚು ಕೊಟ್ಟರು. "ನಂಜಪ್ಪನವರೇ, ನಿಮ್ಮ ತಮ್ಮ ಕಣ್ಣು ನೋಡ್ತಾರೆ," ಎಂದು ಅಣ್ಣನಿಗೆ ಹೇಳಿ, ರೆಪ್ಪೆ ಎತ್ತಿದರು. ಬೆಳಕು ಬಿಟ್ಟೆ. ಪಾಪೆ ಅಗಲವಾಗಿಯೇ ಇತ್ತು. ಹತ್ತಿಯ ಎಳೆ ಕೊಟ್ಟು ಕಣ್ಣುಗುಡ್ಡೆಗೆ ಮುಟ್ಟಿಸಿ ಎಂದರು. ಮುಟ್ಟಿಸಿದೆ. ರೆಪ್ಪೆ ಮಿಟುಕಲಿಲ್ಲ. ಹುಬ್ಬಿನ ಕೆಳಗಿನ ಮೂಳೆಯನ್ನು ಬಲವಾಗಿ ಒತ್ತಿಸಿದರು. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಕೊನೆಗೆ ಚೀಲವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಎದೆಯ ಮೇಲೆ ನನ್ನ ಕೈ ಇಟ್ಟುಕೊಂಡು ಕಾದೆ. ಏಳಲಿಲ್ಲ. ಮತ್ತೆ ಒತ್ತತೊಡಗಿದರು.

"ಬೊಮ್ಮನ ಬಾಗಿಲು ಮುಚ್ಚಿತ್ತು, ಒಳಗೆ ಮನುಷ್ಯ ಇದ್ದ," ಎಂದರು. "ಇಲ್ಲಿ ಒಳಗೆ ಯಾರೂ ಇಲ್ಲ ರಾಜು. ಎದೆ ತಾನಾಗೇ ಸ್ವಲ್ಪ ಹೊತ್ತು ನಡೆಯುತ್ತೆ, ನಾವು ಗಾಳಿ ಕೊಡೋ ತನಕ. ಇನ್ನೊಂದು ಮಾತು, ಚೆನ್ನಾಗಿ ನೆನಪಿಟ್ಕೊಳ್ಳಿ. ನಿಲ್ಲಿಸಿದ ಮೇಲೆ ಕೈ ಎತ್ತಬಹುದು, ಕಾಲು ಮಡಚಬಹುದು. ಅದು ಬೆನ್ನುಹುರಿ ಮಾಡೋದು, ತಲೆ ಮಾಡೋದಲ್ಲ. ನೋಡಿ ಹೆದರಬೇಡಿ. ಆಸೆಯೂ ಇಟ್ಕೋಬೇಡಿ."

ಹೋದ ವರ್ಷ ಮೈಸೂರಿನಲ್ಲಿ ನಮ್ಮ ನೆಂಟರೊಬ್ಬರು ಬೈಕಿನಿಂದ ಬಿದ್ದು ಯಂತ್ರದ ಮೇಲಿದ್ದರು. ಅಲ್ಲಿನ ಡಾಕ್ಟರು 'ಮೆದುಳು ನಿಷ್ಕ್ರಿಯ' ಎಂಬ ಮಾತು ಹೇಳಿ, ಕಾಲು ಅಲುಗಿದರೆ ಏಕೆಂದು ವಿವರಿಸಿದರು. ಐವತ್ತು ವರ್ಷದ ಹಿಂದೆ ಕಲಾಯಿಯವರ ಮಗಳು ನನಗೆ ಹೇಳಿದ್ದೂ ಅದನ್ನೇ. ಅಲ್ಲಿ ಗೋಡೆ ಹಿಡಿದು ನಿಂತುಬಿಟ್ಟೆ. ಜೊತೆಯವರು ನನಗೆ ರಕ್ತದೊತ್ತಡ ಎಂದುಕೊಂಡರು.

ಆ ದಿನ ಒಂಬತ್ತರಿಂದ ನಾಲ್ಕರ ತನಕ ನರ್ಸಮ್ಮನೂ ನಾನೂ ಸರದಿಯ ಮೇಲೆ ಒತ್ತಿದೆವು. ನಾನು ಒತ್ತುವಾಗ ಅವರು ಸುಮ್ಮನೆ ಕೂರಲಿಲ್ಲ. ಅಣ್ಣನ ಕಣ್ಣು ಒಣಗದಂತೆ ಒದ್ದೆ ಹತ್ತಿ ಇಟ್ಟರು, ಬಾಯಿ ಸ್ವಚ್ಛ ಮಾಡಿದರು, ಕೂದಲಿಗೆ ಹತ್ತಿದ್ದ ರಕ್ತ ತೊಳೆದರು, ಮಗ್ಗುಲು ಬದಲಾಯಿಸಿದರು. ಪ್ರತಿಯೊಂದಕ್ಕೂ, "ನಂಜಪ್ಪನವರೇ, ಹೀಗೆ ಮಾಡ್ತೀನಿ."

ನನಗೆ ಸಿಟ್ಟು ಬಂತು. "ಒಳಗೆ ಯಾರೂ ಇಲ್ಲ ಅಂತ ನೀವೇ ಹೇಳಿದ್ರಿ. ಮತ್ತೆ ಯಾರನ್ನ ಕೇಳ್ತೀರಿ?"

"ಹೇಳದೆ ಮುಟ್ಟಿದ್ರೆ ನನ್ನ ಕೈ ಒರಟಾಗುತ್ತೆ ರಾಜು. ನಾಳೆ ಬೇರೆಯವರನ್ನ ಮುಟ್ಟಬೇಕಲ್ಲ ಇದೇ ಕೈಯಲ್ಲಿ," ಎಂದರು. ಅಣ್ಣನ ಕೂದಲು ಒರೆಸುತ್ತಾ, "ನಿಮ್ಮವ್ವ ಬಂದಾಗ ಇವರು ಅವರ ಮಗನ ಹಾಗೆ ಕಾಣಬೇಕು. ಗಾಯಾಳುವಿನ ಹಾಗಲ್ಲ," ಎಂದರು.

ಮಧ್ಯಾಹ್ನ ಊಟದ ಹೊತ್ತು. ವಾರ್ಡಿನಲ್ಲಿ ಯಾರೂ ಇರಲಿಲ್ಲ. ಚೀಲ ನನ್ನ ಕೈಯಲ್ಲಿತ್ತು. ನನ್ನ ಉಸಿರನ್ನೇ ಅಣ್ಣನಿಗೆ ಕೊಡುತ್ತಾ ಕೂತವನಿಗೆ ತಡೆಯಲಾಗಲಿಲ್ಲ. ಗಳದ ವಿಷಯ ಹೇಳಿಬಿಟ್ಟೆ. ಅವನು ಎರಡು ಸಲ ಹೇಳಿದ್ದು, ನಾನು ಆಯಿತೆಂದು ಸುಳ್ಳು ಹೇಳಿದ್ದು, ತುಂಡುಗಳನ್ನು ಸುಟ್ಟದ್ದು ಎಲ್ಲ. ಅಳುವಿಗೆ ನನ್ನ ಉಸಿರು ಹದ ತಪ್ಪಿತು. ನರ್ಸಮ್ಮ ಚೀಲದ ಮೇಲೆ ನನ್ನ ಕೈಯ ಜೊತೆಗೆ ತಮ್ಮ ಕೈಯಿಟ್ಟು ಒಂದೇ ಸಮಕ್ಕೆ ತಂದರು.

"ನಿಮ್ಮವ್ವನಿಗೆ ಇದನ್ನ ಹೇಳಬೇಕು," ಎಂದರು.

"ನನ್ನ ಕೈಲಾಗಲ್ಲ. ನೀವೇ..."

"ನಾನು ಯಾರಿಗೂ ಹೇಳಲ್ಲ. ಇದು ನಿಮ್ಮ ಮಾತು, ನೀವೇ ಹೇಳಬೇಕು. ಇವತ್ತಲ್ಲದಿದ್ರೆ ನಾಳೆ. ಆದರೆ ಹೇಳಬೇಕು."

ನಾಲ್ಕರ ಹೊತ್ತಿಗೆ ಅವ್ವ ಬಂದಳು. ಹಿಂದೆ ಮಾವ, ನೆಂಟರು, ಊರವರು. ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದರು. ನರ್ಸಮ್ಮ ಒತ್ತುವುದನ್ನು ನಿಲ್ಲಿಸದೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಅವ್ವಾ, ಸುಳ್ಳು ಹೇಳಲ್ಲ. ನಿಮ್ಮ ಮಗ ಬೆಳಿಗ್ಗೇನೇ ಹೋಗಿದ್ದಾರೆ. ಎದೆ ಮಾತ್ರ ನಡೀತಾ ಇದೆ. ಅದನ್ನ ನಿಮಗೋಸ್ಕರ ಇಟ್ಕೊಂಡಿದ್ದೀವಿ."

ಅವ್ವ ಅಣ್ಣನ ಎದೆಯ ಮೇಲೆ ಕೈಯಿಟ್ಟಳು. ಕೆನ್ನೆ ಸವರಿದಳು. ತಲೆಯ ಹತ್ತಿರ ಬಗ್ಗಿ ಏನೋ ಹೇಳಿದಳು, ಅದು ನಮಗೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ನರ್ಸಮ್ಮನ ಮಣಿಕಟ್ಟು ಹಿಡಿದಳು. ಅದು ಊದಿಕೊಂಡಿತ್ತು.

"ಸಾಕು ಬುಡವ್ವ. ನಿನ್ನ ಕೈ ಬಾತೋಗದೆ."

"ನಿಲ್ಲಿಸಲಾ?"

"ಊಂ."

ನರ್ಸಮ್ಮ, "ನಂಜಪ್ಪನವರೇ, ನಿಮ್ಮವ್ವ ಬಂದ್ರು. ಇನ್ನು ನಿಲ್ಲಿಸ್ತೀನಿ," ಎಂದು ಹೇಳಿ ಚೀಲ ಬಿಚ್ಚಿದರು.

ಎರಡು ಮೂರು ನಿಮಿಷ ಕಳೆದಿರಬೇಕು. ಅಣ್ಣನ ಎರಡೂ ಕೈ ಹಾಸಿಗೆಯಿಂದ ಮೆಲ್ಲಗೆ ಮೇಲೆದ್ದು, ಎದೆಯ ಕಡೆಗೆ ಬಂದು, ಕೆಳಗೆ ಬಿದ್ದವು.

ಬಾಗಿಲಲ್ಲಿ ಕೂಗೆದ್ದಿತು. "ಅಯ್ಯಯ್ಯೋ, ಜೀವ ಅದೆ! ಜೀವ ಇದ್ದಂಗೇ ಬುಟ್ಬುಟ್ಲು!" ಮಾವ ಒಳಗೆ ನುಗ್ಗಿದ. ನರ್ಸಮ್ಮ ನನ್ನ ಕಡೆ ನೋಡಿದರು. ಹೇಳಿ ರಾಜು, ಇವರಿಗೆ ಹೇಳಿ, ಎಂಬ ನೋಟ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ತೋಳು ಹಿಡಿದು, "ಇಷ್ಟ್ ವರ್ಸ ಗಳದ ಮ್ಯಾಲೆ ನಿಂತೋನು ಎಂಗ್ಲಾ ಬಿದ್ದ? ಅದ್ನಾರ ಯೋಳ್ಲಾ!" ಎಂದು ಅಲುಗಾಡಿಸಿದ.

ಅಷ್ಟು ಸಾಕಾಯಿತು. ಅಣ್ಣ ಬಿದ್ದದ್ದರಿಂದ ಸತ್ತನೆಂದರೆ ಸಾಯಿಸಿದವನು ನಾನು. ಚೀಲ ಬಿಚ್ಚಿದ್ದರಿಂದ ಸತ್ತನೆಂದರೆ ಸಾಯಿಸಿದವರು ಅವರು. ಅದನ್ನು ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. "ಕುರುಬನಿಗೆ ದಿನಗಟ್ಟಲೆ ಒತ್ತಿದ್ರು. ನಮ್ಮಣ್ಣನ್ನ ಅರ್ಧಕ್ಕೇ ಬಿಟ್ರು!" ಎಂದು ಕೂಗಿದೆ.

ಒಂಬತ್ತು ದಿನ ಕಳೆದ ಮೇಲೆ ಮಾವನ ಜಗಲಿಯಲ್ಲಿ ಕೂತು ಮಿಷನ್‌ನವರಿಗೆ ಅರ್ಜಿ ಬರೆದೆ. ಜೀವವಿದ್ದ ರೋಗಿಯ ಉಸಿರು ನಿಲ್ಲಿಸಿದರು ಎಂದು ಬರೆದೆ. ಮಾವ ಹೇಳಿಕೊಟ್ಟಂತೆ ಅವರ ಧರ್ಮದ ಮೇಲೂ ಒಂದು ಸಾಲು ಸೇರಿಸಿದೆ. ಮಾವ ಹೇಳಿಕೊಟ್ಟದ್ದು ನಿಜ, ಅಕ್ಷರ ನನ್ನವು. ನಲವತ್ತು ಜನ ಸಹಿ ಹಾಕಿದರು. ಹಾಕದವಳು ಅವ್ವ ಒಬ್ಬಳೇ.

"ಆಯಮ್ಮನ ಮ್ಯಾಲೆ ನಾ ಎಬ್ಬೆಟ್ಟು ಒತ್ತಾಕಿಲ್ಲ. ನಾ ಬರೋಗಂಟ ನನ್ ಮಗನ ಮೈ ಬೆಚ್ಚಗಿತ್ತು. ಅದ್ ಮಾಡಿದ್ ಯಾರ್ಲಾ? ನೀನಾ, ನಿನ್ ಮಾವನಾ?"

"ಕೈ ಎತ್ತಿದ್ದು ನೀನೂ ನೋಡ್ದೆ ಕಣವ್ವ."

"ನೋಡ್ದೆ. ಕೋಳಿ ಕುಯ್ದಾಗ ಒದ್ಕಳಾದೂ ನೋಡಿವ್ನಿ. ನಂಗೇನ್ ಯೋಳ್ಕೊಡ್ತೀಯ ಓಗ್ಲಾ."

ಊರಿನವರು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದರು. ಮಿಷನ್‌ನಿಂದ ಮೂವರು ವಿಚಾರಣೆಗೆ ಬಂದರು. ಡಾಕ್ಟರು ತಾವೇ ಅಪ್ಪಣೆ ಕೊಟ್ಟದ್ದೆಂದು ಹೇಳಿದರು. ಬೊಮ್ಮ ಹಾಡಿಯಿಂದ ನಡೆದು ಬಂದು ಹೊರಗೆ ನಿಂತು, "ನನ್ನೂ ಕೇಳಿ ಸಾಮಿ," ಎಂದ. ಅವನನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳಿದರು.

"ಚೀಲ ತೆಗೆದ ಮೇಲೆ ಕೈಕಾಲು ಅಲ್ಲಾಡಬಹುದು, ಅದು ಜೀವದ ಗುರುತಲ್ಲ ಅಂತ ಈಕೆ ನಿಮಗೆ ಮೊದಲೇ ತಿಳಿಸಿದ್ದರಾ?"

ನರ್ಸಮ್ಮ ಎದುರಿನ ಬೆಂಚಿನಲ್ಲಿ ಕೂತಿದ್ದರು. ಮಣಿಕಟ್ಟಿಗೆ ಇನ್ನೂ ಪಟ್ಟಿ ಸುತ್ತಿತ್ತು.

"ಇಲ್ಲ," ಎಂದೆ.

ಅವರನ್ನು ಕೇಳಿದಾಗ, "ಹೇಳಿದ್ದೆ," ಎಂದರು. "ಇವರು ದುಃಖದಲ್ಲಿದ್ದರು. ಮನಸ್ಸಿಗೆ ಹೋಗಿರಲಿಕ್ಕಿಲ್ಲ." ಅಷ್ಟೇ. ನಾನೇಕೆ ಸುಳ್ಳು ಹೇಳುತ್ತಿದ್ದೇನೆಂದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೆದ್ದಲು ಹಿಡಿದ ಗಳದ ಒಂದು ಮಾತು ಆಡಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಯಾರಿಗೂ ಹೇಳುವುದಿಲ್ಲ ಎಂದಿದ್ದರು, ಹೇಳಲಿಲ್ಲ. ಆ ತಿಂಗಳ ಕೊನೆಗೆ ಅವರು ಒಂದು ತಗಡಿನ ಪೆಟ್ಟಿಗೆ ಹಿಡಿದು ಹುಣಸೂರಿನ ಬಸ್ಸು ಹತ್ತಿದರೆಂದು ಕೇಳಿದೆ.

ಆರು ವರ್ಷದ ಮೇಲೆ ಅವರನ್ನು ಮತ್ತೆ ಕಂಡೆ. ನನ್ನ ಹೆಂಡತಿಯ ತವರು ಕೆ.ಆರ್. ನಗರ. ಅಲ್ಲಿನ ಒಂದು ಹೆರಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದೆ. ಬಾಗಿಲು ತೆರೆದು ಬಂದವರು ನರ್ಸಮ್ಮ. ಕೂದಲು ನೆರೆತಿತ್ತು. ಬಟ್ಟೆಯಲ್ಲಿ ಸುತ್ತಿದ ಮಗು ಕೈಯಲ್ಲಿತ್ತು.

"ರಾಜು ಅಲ್ವಾ? ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ಕೈ ಒಡ್ಡಿ."

ಒಡ್ಡಿದೆ. "ಹೆದರಬೇಡಿ, ಬೀಳಲ್ಲ," ಎಂದು ನನ್ನ ಕೈಯ ಅಡಿಗೆ ತಮ್ಮ ಕೈಯಿಟ್ಟರು. "ನಿಮ್ಮವ್ವ ಹೇಗಿದ್ದಾರೆ?"

"ಚೆನ್ನಾಗವ್ಳೆ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಅವರಿಗೆ ಹೇಳಿದ್ರಾ?"

ತಮ್ಮ ಕೆಲಸ ಹೋದದ್ದನ್ನು ಕೇಳಲಿಲ್ಲ, ಅರ್ಜಿಯನ್ನು ಕೇಳಲಿಲ್ಲ. ಅದೊಂದನ್ನೇ ಕೇಳಿದರು. ನಾನು, "ಹೇಳಿದೆ," ಎಂದೆ.

"ಒಳ್ಳೇದಾಯ್ತು," ಎಂದರು. ನಿಜವಾಗಿ ಹಗುರಾದಂತೆ ಉಸಿರು ಬಿಟ್ಟರು. ಒಳಗಿನಿಂದ ಯಾರೋ ಕರೆದರು, ಹೋದರು.

ಆ ವಾರವೇ ಊರಿಗೆ ಬಂದು ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಗಳ, ಸುಳ್ಳು, ಒಲೆ, ವಿಚಾರಣೆ. ಅವ್ವ ಹಲಸಂದೆ ಬಿಡಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು. ಅಣ್ಣನ ಹೆಸರೆತ್ತಿ ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ.

"ಇದು ಆಯಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯ್ ಬುಡ್ಲಿಲ್ವಾ?"

"ಇಲ್ಲ."

"ಓಗ್ಲಾ. ಆಯಮ್ಮನ ಕಾಲ್ ಮುಟ್ಬುಟ್ಟು ಬಾ. ಅಲ್ಲೀಗಂಟ ನನ್ ಮುಂದೆ ಉಣ್ಣಾಕ್ ಕೂರಬ್ಯಾಡ."

ಸೊಪ್ಪು ಇಳಿಸುವ ಕೆಲಸ ಮುಗಿಯಲಿ ಎಂದೆ. ಮಗುವಿಗೆ ಹೆಸರಿಡುವುದು ಆಗಲಿ ಎಂದೆ. ಅವ್ವ ಹಟ ಬಿಡಲಿಲ್ಲ. ಮೂರು ತಿಂಗಳು ನಾನು ಹಿತ್ತಿಲ ಬಾಗಿಲಲ್ಲಿ ಕೂತು ಉಂಡೆ. ಕೊನೆಗೆ ಕೆ.ಆರ್. ನಗರಕ್ಕೆ ಹೋದಾಗ ಅವರು ಕಾಯಿಲೆಯಾಗಿ ಹುಣಸೂರಿನ ತಮ್ಮ ಅಣ್ಣನ ಮನೆಗೆ ಹೋದರು ಎಂದು ಆಸ್ಪತ್ರೆಯವರು ಹೇಳಿದರು. ಹುಣಸೂರಿಗೆ ಹೋದೆ. ಕಲಾಯಿ ಅಂಗಡಿಯಲ್ಲಿ ಅವರ ಅಣ್ಣ ಕೂತಿದ್ದರು. ನರ್ಸಮ್ಮ ಇದ್ದಾರಾ ಎಂದು ಕೇಳಿದೆ.

"ಅತ್ತೆ ತೀರ್ಕೊಂಡು ಹದಿನೈದು ದಿನ..." ಎಂದು ಯಾರೋ ಹುಡುಗಿ ಒಳಗಿನಿಂದ ಹೇಳಹೊರಟಳು. ಅವರು ಅವಳನ್ನು ಸುಮ್ಮನಿರಿಸಿ ತಾವೇ ಹೇಳಿದರು: "ಹೋದ್ಲು ಸ್ವಾಮಿ ನನ್ನ ತಂಗಿ. ನೀವು ಯಾರು? ಏನಾಗಬೇಕಿತ್ತು?"

ಅವರಿಗಾದರೂ ಹೇಳಬಹುದಿತ್ತು. "ನಮ್ಮವರಿಗೆ ಆರೈಕೆ ಮಾಡಿದ್ರು," ಎಂದಷ್ಟೇ ಹೇಳಿ ಬಂದೆ. ಅದು ನಿಜ, ಆದರೆ ನಿಜದ ಚಿಕ್ಕ ಭಾಗ.

ಉಳಿದದ್ದನ್ನು ಈಗ ಬರೆದಿದ್ದೇನೆ. ಅರ್ಜಿಯಲ್ಲಿ ನಾನು ಬರೆದದ್ದು ಸುಳ್ಳು. ಕೈ ಮೇಲೇಳಬಹುದೆಂದು ಅವರು ಮೊದಲೇ ಹೇಳಿದ್ದರು, ನನಗೆ ಚೆನ್ನಾಗಿ ನೆನಪಿತ್ತು. ನನ್ನ ಅಣ್ಣ ನಂಜಪ್ಪ ಸತ್ತದ್ದು ನಾನು ಬದಲಿಸದೆ ಬಿಟ್ಟ ಗಳ ಮುರಿದು. ಅವ್ವ ಬರುವ ತನಕ ಅವನನ್ನು ಬೆಚ್ಚಗೆ ಇಟ್ಟವರು, ನಾನು ಕೊನೆಗೂ ಯಾರ ಕ್ಷಮೆ ಕೇಳಲಿಲ್ಲವೋ ಅವರು, ಹುಣಸೂರಿನ ಕಲಾಯಿ ಇಮಾಮ್ ಸಾಬರ ಮಗಳು ಖೈರುನ್ನಿಸಾ.